ಎರಡನೇ ಸಾಲಿನ ಕೊಡೆಯ ನೆರಳು

ಗತ್ತೆಯೊ ಊರಿನ ಕಡಲತೀರದಲ್ಲಿ, ಒರಿಯಾನೊ ಬಾಡಿಗೆಗೆ ಕೊಡುವ ಕೊಡೆಗಳ ಎರಡನೇ ಸಾಲಿನಲ್ಲಿ, ಮಧ್ಯಾಹ್ನದ ಊಟವಾದ ಮೇಲೆ ಯಾವ ಮಗುವೂ ನೀರಿಗೆ ಕಾಲಿಡುವಂತಿರಲಿಲ್ಲ. ಈ ಕಾನೂನು ಒರಿಯಾನೊನದಲ್ಲ, ಪುರಸಭೆಯದೂ ಅಲ್ಲ. ಆರ್ಜಿಯಾ ಮೊಂತೋರ್ಸಿಯದು.

ತಿಂದದ್ದು ಅರಗುವ ಮೊದಲು ನೀರಿಗಿಳಿದರೆ ಹೊಟ್ಟೆ ಹಿಡಿದುಕೊಂಡು ಮಗು ಮುಳುಗಿಹೋಗುತ್ತದೆ ಎಂದು ಈ ತೀರದ ಅಜ್ಜಿಯರೆಲ್ಲ ಹೇಳುತ್ತಾರೆ. ಆದರೆ ಉಳಿದ ಅಜ್ಜಿಯರು ಗಡಿಯಾರ ನೋಡುತ್ತಾರೆ, ಮಗು ಮೂಗು ಕೆಂಪು ಮಾಡಿಕೊಂಡು ಅತ್ತರೆ ಅರ್ಧ ಗಂಟೆ ಬಿಟ್ಟುಕೊಡುತ್ತಾರೆ. ಆರ್ಜಿಯಾ ಗಡಿಯಾರ ಕಟ್ಟುವವಳಲ್ಲ, ಬಿಟ್ಟುಕೊಡುವವಳಂತೂ ಅಲ್ಲವೇ ಅಲ್ಲ. ಆಕೆಯ ಗಡಿಯಾರ ಅಂದರೆ ತನ್ನ ಕೊಡೆಯ ನೆರಳು. ಊಟದ ಹೊತ್ತಿಗೆ ಅದು ಕೊಡೆಯ ಕೆಳಗೇ ಮುದುಡಿಕೊಂಡಿರುತ್ತದೆ. ಸೂರ್ಯ ಊರಿನ ಕಡೆ ಇಳಿದಂತೆಲ್ಲ ಮರಳಿನ ಮೇಲೆ ಸಮುದ್ರದ ದಿಕ್ಕಿಗೆ ತೆವಳುತ್ತದೆ. ಮುಂದಿನ ಸಾಲಿನಲ್ಲಿ ಮಾಂತುವಾ ಊರಿನ ನಿವೃತ್ತ ಕ್ಷೌರಿಕ ಅನ್ಸೆಲ್ಮೊನ ಕೊಡೆ ಇದೆ. ನೆರಳಿನ ಅಂಚು ಆ ಕೊಡೆಯ ಕಂಬದ ಬುಡವನ್ನು ಮುಟ್ಟಿದ ಕ್ಷಣ ಆರ್ಜಿಯಾ ಕೈ ಎತ್ತಿ "ಹೋಗ್ರೋ" ಅನ್ನುತ್ತಾಳೆ. ಆಗ ನಾಲ್ಕೈದು ಮನೆಗಳ ಮಕ್ಕಳು ಒಟ್ಟಿಗೆ ಎದ್ದು ಓಡುತ್ತವೆ.

ಹೌದು, ನಾಲ್ಕೈದು ಮನೆಯ ಮಕ್ಕಳು. ಊಟವಾದ ಮೇಲೆ ಒಂದು ಕಣ್ಣು ನಿದ್ದೆ ಮಾಡಬೇಕೆನ್ನುವ ತಾಯಂದಿರೆಲ್ಲ ತಮ್ಮ ಮಕ್ಕಳನ್ನು ಆರ್ಜಿಯಾಳ ಕೊಡೆಯ ಕೆಳಗೆ ತಂದುಬಿಟ್ಟು ಹೋಗುತ್ತಾರೆ. ಆಕೆ ಕೇಳಿಕೊಂಡದ್ದೂ ಇಲ್ಲ, ಬೇಡ ಅಂದದ್ದೂ ಇಲ್ಲ.

ಆರ್ಜಿಯಾ ಹುಟ್ಟಿದ್ದು ಸಾಸ್ಸುವೋಲೊದ ಮೇಲಿನ ಗುಡ್ಡದ ಹಳ್ಳಿಯಲ್ಲಿ. ಸಮುದ್ರ ನೋಡಿದ್ದು ಎಂಟನೇ ವಯಸ್ಸಿನಲ್ಲಿ, ಕಾರ್ಮಿಕರ ಮಕ್ಕಳಿಗೆಂದು ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಬೇಸಿಗೆ ಶಿಬಿರದಲ್ಲಿ. ಅಲ್ಲಿ ಊಟ ಮುಗಿಯುತ್ತಲೇ ಮಕ್ಕಳನ್ನು ಸಾಲಾಗಿ ಮಲಗಿಸಿ, ಮುಖದ ಮೇಲೆ ಬಟ್ಟೆಯ ಟೋಪಿ ಮುಚ್ಚಿಸಿ, ಪಿಟಕ್ಕೆನ್ನಬಾರದು ಎಂದು ಕಾವಲು ಕೂರುತ್ತಿದ್ದರು. ಕಡಲಿನ ಸದ್ದು ಕಿವಿಯ ಪಕ್ಕದಲ್ಲೇ ಕೇಳುತ್ತಿದ್ದರೂ ಹುಡುಗಿ ಬಾಯಿ ಬಿಡುವಂತಿರಲಿಲ್ಲ. ಆ ಮಧ್ಯಾಹ್ನಗಳ ಸಿಟ್ಟು ಆರ್ಜಿಯಾಳಿಗೆ ಇವತ್ತಿಗೂ ಇಳಿದಿಲ್ಲ. ಮಕ್ಕಳನ್ನು ಕೂರಿಸಬೇಕು ಸರಿ, ಸುಮ್ಮನೆ ಕೂರಿಸಬಾರದು ಎಂದು ಆಕೆ ಆಗಲೇ ತೀರ್ಮಾನ ಮಾಡಿದ್ದಳಂತೆ. ಹಾಗಾಗಿ ಆಕೆಯ ಕೊಡೆಯ ಕೆಳಗೆ ಪೀಚ್ ಹಣ್ಣು ಹೆಚ್ಚುವುದು ಇರುತ್ತದೆ, ಇಸ್ಪೀಟು ಇರುತ್ತದೆ, ಮತ್ತು ಕಥೆ ಇರುತ್ತದೆ. ನೆರಳು ಕಂಬ ಮುಟ್ಟಿದರೆ ಕಥೆ ಅರ್ಧ ಮಾತಿನಲ್ಲೇ ನಿಲ್ಲುತ್ತದೆ. ಉಳಿದದ್ದು ನಾಳೆಗೆ.

ಮೂವತ್ತು ವರ್ಷಕ್ಕೂ ಮೇಲೆ ಆಕೆ ಸಾಸ್ಸುವೋಲೊದ ಟೈಲ್ಸ್ ಕಾರ್ಖಾನೆಯಲ್ಲಿ ಆರಿಸುವ ಕೆಲಸ ಮಾಡಿದವಳು. ಕಣ್ಣೆದುರು ಓಡುವ ಯಂತ್ರದ ಪಟ್ಟಿಯ ಮೇಲೆ ಹರಿದುಬರುವ ಟೈಲ್ಸ್ ಬಿಲ್ಲೆಗಳಲ್ಲಿ ಬಿರುಕು ಬಿಟ್ಟದ್ದು, ಬಣ್ಣ ಕೆಟ್ಟದ್ದು, ಮೂಲೆ ವಾಲಿದ್ದನ್ನು ಕಣ್ಣಲ್ಲೇ ಹಿಡಿದು ಪಕ್ಕಕ್ಕೆ ಎಸೆಯಬೇಕು. ಗಂಡ ದಾರಿಯೊ ತೀರಿಕೊಂಡು ಬಹಳ ಕಾಲವಾಯಿತು. ಹಾಗೆಂದು ಒಂಟಿ ಮುದುಕಿ ಎಂದು ಯಾರಾದರೂ ಮರುಕ ತೋರಿಸಿದರೆ ಅವರ ಗ್ರಹಚಾರ. ಚಳಿಗಾಲವಿಡೀ ಆಕೆಗೆ ಪುರುಸೊತ್ತಿಲ್ಲ. ಚರ್ಚಿನ ಹಬ್ಬಕ್ಕೆ ಕಡುಬಿನಂಥ ತೊರ್ತೆಲ್ಲಿನಿ ಮಡಚುವ ಗುಂಪಿಗೆ ಆಕೆಯೇ ಮುಂದಾಳು. ಇಸ್ಪೀಟು ಕ್ಲಬ್ಬಿನಲ್ಲಿ ಆಕೆಯ ಎದುರು ಕೂರಲು ಗಂಡಸರು ಹಿಂದೆಮುಂದೆ ನೋಡುತ್ತಾರೆ. ಇಷ್ಟೆಲ್ಲ ಇದ್ದರೂ ವರ್ಷದಲ್ಲಿ ಆಕೆ ಎದುರು ನೋಡುವುದು ಆಗಸ್ಟ್ ತಿಂಗಳ ಈ ಎರಡು ವಾರಗಳನ್ನು ಮಾತ್ರ. ಮಗ ಲೋರಿಸ್ ದೂರದ ಆಲ್ಪ್ಸ್ ಬೆಟ್ಟಗಳ ಬ್ರೂನಿಕೊ ಊರಿನಲ್ಲಿ ಕೇಬಲ್ ಕಾರ್ ಮೆಕ್ಯಾನಿಕ್. ಅವನ ಮಕ್ಕಳು, ಏಳು ವರ್ಷದ ಇರ್ಮಾ ಮತ್ತು ನಾಲ್ಕು ವರ್ಷದ ಯೋನಾಸ್, ಆಕೆಯ ಕೈಗೆ ಸಿಗುವುದು ಆಗ ಮಾತ್ರ.

ಪ್ರತಿ ವರ್ಷ ಮಕ್ಕಳನ್ನು ಕರೆತರುತ್ತಿದ್ದವನು ಲೋರಿಸ್. ಅವನು ಇದೇ ಕೊಡೆಯ ಕೆಳಗೆ ಬೆಳೆದವನು, ನೆರಳಿನ ಕಾನೂನು ಅವನಿಗೆ ಮೈಗೂಡಿದೆ. ಸೊಸೆ ಎವೆಲಿನ್ ಬಂದದ್ದೇ ಇರಲಿಲ್ಲ. ಆಕೆ ತಮ್ಮೂರಿನ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾಳೆ, ಬೇಸಿಗೆಯಲ್ಲಿ ಆಕೆಗೆ ರಜೆ ಸಿಗುವುದಿಲ್ಲ. ಈ ವರ್ಷ ಈಜುಕೊಳ ರಿಪೇರಿಗೆ ಮುಚ್ಚಿತು, ಲೋರಿಸನಿಗೆ ರಜೆ ತಪ್ಪಿತು. ಎವೆಲಿನ್ ಕಪ್ಪು ರೈ ಬ್ರೆಡ್ಡಿನ ಒಂದು ಮೂಟೆ, ಎರಡು ಮಕ್ಕಳು ಮತ್ತು ತನ್ನ ಈಜುಡುಗೆ ಹಿಡಿದುಕೊಂಡು ರೈಲಿಳಿದಳು.

ಸೊಸೆಯಲ್ಲಿ ತಪ್ಪು ಹುಡುಕಲು ಆರ್ಜಿಯಾ ಪ್ರಯತ್ನಪಟ್ಟಳು, ಸಿಗಲಿಲ್ಲ. ಬೆಳಿಗ್ಗೆ ಬೇಗ ಏಳುತ್ತಾಳೆ, ಬಾಡಿಗೆ ಮನೆಯ ಅಡುಗೆಮನೆ ಒರೆಸುತ್ತಾಳೆ, ಅತ್ತೆ ಪದರ ಪದರವಾಗಿ ಬೇಯಿಸಿದ ಲಸಾನ್ಯ ಎರಡು ಸಲ ಹಾಕಿಸಿಕೊಳ್ಳುತ್ತಾಳೆ. ಮಾತು ಕಡಿಮೆ. ನೆರಳಿನ ಕಾನೂನು ಕೇಳಿದಾಗ ಹುಬ್ಬು ಏರಿಸಿದಳು, ಅಷ್ಟೇ. ಆದರೆ ಊಟವಾದ ಕೂಡಲೇ ತಾನು ಮಾತ್ರ ಎದ್ದು, ಎಲ್ಲರೂ ನೋಡುತ್ತಿರುವಂತೆಯೇ ನೀರಿಗಿಳಿದು, ದೂರದ ಬಂಡೆಸಾಲಿನವರೆಗೆ ಈಜಿ ಬರುತ್ತಿದ್ದಳು. ಮಕ್ಕಳು ಕೊಡೆಯ ಕೆಳಗೆ ಕತ್ತು ಉದ್ದ ಮಾಡಿ ನೋಡುತ್ತಿದ್ದವು. ಬರುವಾಗ ಆಕೆಗೆ ಹೊಟ್ಟೆನೋವೂ ಇಲ್ಲ, ತಲೆನೋವೂ ಇಲ್ಲ. ಎಂಥ ಪಾಠ, ಬಾಯಿ ಬಿಡದೆ!

"ನಿಮ್ಮ ಸೊಸೆ ಮೀನಿನ ಜಾತಿ ಕಣ್ರೀ" ಎಂದ ಅನ್ಸೆಲ್ಮೊ, ಮುಂದಿನ ಸಾಲಿನಿಂದ ತಿರುಗಿ.

"ಮೀನು ಊಟಕ್ಕೆ ಮೊದಲೂ ಈಜುತ್ತೆ, ಊಟ ಆದ್ಮೇಲೂ ಈಜುತ್ತೆ. ಅದಕ್ಕೇ ಅದನ್ನ ಜನ ಹಿಡ್ಕೊಂಡು ತಿಂತಾರೆ" ಎಂದಳು ಆರ್ಜಿಯಾ. ಮಕ್ಕಳು ಬಿದ್ದುಬಿದ್ದು ನಕ್ಕವು.

ಈ ವರ್ಷ ಕೊಡೆಯ ಕೆಳಗಿನ ಕಥೆ ಲೋರಿಸ್ ಕಳೆದುಹೋದ ಕಥೆ. ಲೋರಿಸ್ ಆರು ವರ್ಷದವನಿದ್ದಾಗ ಇದೇ ತೀರದಲ್ಲಿ ಕೊಬ್ಬರಿ ಚೂರು ಮಾರುವವನ ಹಿಂದೆ ಹೊರಟುಹೋಗಿದ್ದ. ಅದು ನಿಜ. ಉಳಿದದ್ದರಲ್ಲಿ ನಿಜವೆಷ್ಟು ಎಂದು ಹೇಳುವುದು ಕಷ್ಟ. ಕಥೆ ಹೇಳಿದ ಮೊದಲ ದಿನ ಹುಡುಗ ಕೊಬ್ಬರಿಯವನ ಬಕೆಟ್ ಹೊತ್ತ. ಎರಡನೇ ದಿನ ಅವನಿಗಿಂತ ಜೋರಾಗಿ ಕೂಗಿ ವ್ಯಾಪಾರ ಮಾಡಿಕೊಟ್ಟ. ಮೂರನೇ ದಿನ ತೀರದ ಧ್ವನಿವರ್ಧಕದಲ್ಲಿ "ಲೋರಿಸ್ ಮೊಂತೋರ್ಸಿ, ಕೆಂಪು ಚಡ್ಡಿ" ಎಂದು ಕೂಗಿದಾಗ ತನಗೇನೋ ಬಹುಮಾನ ಬಂದಿದೆ ಎಂದುಕೊಂಡು ಇಸ್ಕೊಳ್ಳಲು ಮುಂದಿನ ಊರಿನ ಕಡೆ ಓಡಿದ. ಆಮೇಲೆ ಸರ್ಕಸ್ಸಿನ ಒಂಟೆಯೊಂದು ಬಂತು, ಹುಡುಗ ಅದರ ಬೆನ್ನೇರಿದ. ಒಂಟೆ ಬಂದ ದಿನ ಪಕ್ಕದ ಕೊಡೆಯ ತಾಯಂದಿರೂ ನಿದ್ದೆ ಬಿಟ್ಟು ಕೇಳಿದರು.

ಒಂದು ಮಧ್ಯಾಹ್ನ ಆರ್ಜಿಯಾ ಒರಿಯಾನೊನ ಅಂಗಡಿಯಲ್ಲಿ ಕಾಫಿ ಕುಡಿದು ಬರುವಷ್ಟರಲ್ಲಿ ಇರ್ಮಾ ಎದುರಿಗೆ ಓಡಿಬಂದಳು.

"ಅಜ್ಜೀ, ಮುಟ್ತು! ನೆರಳು ಮುಟ್ಟೇಬಿಡ್ತು!"

ನೆರಳಿನ ಅಂಚು ನಿಜಕ್ಕೂ ಅನ್ಸೆಲ್ಮೊನ ಕಂಬದ ಬುಡ ಮುಟ್ಟಿತ್ತು. ಅನ್ಸೆಲ್ಮೊ ಪೇಪರನ್ನು ಮುಖದವರೆಗೆ ಎತ್ತಿ ಹಿಡಿದಿದ್ದ, ಪೇಪರ್ ಅಲುಗುತ್ತಿತ್ತು. ಆರ್ಜಿಯಾ ತನ್ನ ಕೊಡೆಯನ್ನು ಒಮ್ಮೆ ನೋಡಿದಳು. ಕಂಬದ ನಡುವಿನ ಕೀಲಿನಲ್ಲಿ ಅದು ಸಮುದ್ರದ ಕಡೆ ಒಂದಿಷ್ಟು ಬಾಗಿತ್ತು. ಕೆಳಗೆ ಆರಾಮಕುರ್ಚಿಯ ಮೇಲೆ ಸಣ್ಣ ಪಾದಗಳ ಮರಳು. ಮೂವತ್ತು ವರ್ಷ ವಾಲಿದ ಬಿಲ್ಲೆ ಆರಿಸಿದ ಕಣ್ಣಿಗೆ ಇದು ಕಾಣದೆ ಹೋಗುತ್ತದೆಯೇ?

"ಇವತ್ತು ಸೂರ್ಯಂಗೆ ಏನೋ ಅವಸರ ಇದ್ದಂಗಿದೆಯಲ್ಲೇ" ಎಂದಳು.

"ಹೂಂ ಅಜ್ಜಿ. ತುಂಬಾ ಸೆಕೆ ಅಲ್ವಾ, ಅದಕ್ಕೇ ಅವನೂ ನೀರಿಗೆ ಓಡ್ತಿದಾನೆ."

"ಹಾಗಾದ್ರೆ ಸರಿ. ಹೋಗ್ರೋ!"

ಮಕ್ಕಳು ಹೋದ ಮೇಲೆ ಅನ್ಸೆಲ್ಮೊ ಪೇಪರ್ ಕೆಳಗಿಳಿಸಿದ. "ಸೋತ್ರಲ್ಲ ಆರ್ಜಿಯಾ! ಏಳು ವರ್ಷದ ಹುಡುಗಿ ಕೈಲಿ!"

"ಬಾಯಿ ಮುಚ್ಕೊಂಡು ಪೇಪರ್ ಓದಿ. ಆ ಬುದ್ಧಿ ಯಾರ ಕಡೆಯಿಂದ ಬಂತು ಅಂದ್ಕೊಂಡ್ರಿ? ನನ್ ಕಡೆಯದು." ಆರ್ಜಿಯಾ ಕೊಡೆಯನ್ನು ನೆಟ್ಟಗೆ ಮಾಡಲು ಹೋಗಲಿಲ್ಲ. ಆ ದಿನವಿಡೀ ಆಕೆ ಒಳಗೊಳಗೇ ಹಿಗ್ಗುತ್ತಿದ್ದಳು.

ಎರಡನೇ ವಾರ ಶುರುವಾದಾಗ ಒರಿಯಾನೊ ಕೊಡೆಯಿಂದ ಕೊಡೆಗೆ ಬರತೊಡಗಿದ. ಇದು ಪ್ರತಿ ವರ್ಷದ ಪದ್ಧತಿ. ಊರಿಗೆ ಹೊರಡುವ ಮೊದಲು "ಮುಂದಿನ ವರ್ಷ ಇದೇ ಜಾಗವಾ?" ಎಂದು ಅವನು ಕೇಳಬೇಕು, ಹೌದೆಂದರೆ ಕೈ ಕೊಡಬೇಕು. ಕೈ ಕೊಟ್ಟರೆ ಮುಗಿಯಿತು, ಆ ಜಾಗ ಆ ಮನೆಯದು. ಕೈ ಕೊಡದೆ ಹೋದರೆ ಹಿಂದಿನ ಸಾಲಿನವರು ಮುಂದೆ ಬರುತ್ತಾರೆ. ನಾಲ್ಕನೇ ಸಾಲಿನಲ್ಲಿ ಬೊಲೊನ್ಯಾದ ಒಂದು ಕುಟುಂಬ ಆರ್ಜಿಯಾಳ ಜಾಗದ ಮೇಲೆ ಕಣ್ಣಿಟ್ಟು ಎಷ್ಟೋ ವರ್ಷವಾಗಿತ್ತು.

ಆರ್ಜಿಯಾ ಎಂದಿನಂತೆ ಕೈ ಚಾಚಿದ್ದಳು. ಆಗ ಟವೆಲ್ ಮಡಚುತ್ತಿದ್ದ ಎವೆಲಿನ್ ಮೆಲ್ಲಗೆ ಹೇಳಿದಳು.

"ಅತ್ತೆ, ಸ್ವಲ್ಪ ತಡೀರಿ. ಮುಂದಿನ ವರ್ಷದ್ದು ಇನ್ನೂ ಗೊತ್ತಿಲ್ಲ. ನಮ್ಮಪ್ಪಂಗೆ ಸರೋವರದ ದಡದಲ್ಲಿ ಒಂದು ಮರದ ಮನೆ ಸಿಕ್ಕಿದೆ. ಅಲ್ಲಾದ್ರೆ ಮಕ್ಕಳು ಯಾವಾಗ ಬೇಕಾದ್ರೂ ನೀರಿಗಿಳೀಬಹುದು."

ಚಾಚಿದ ಕೈ ಅಲ್ಲೇ ನಿಂತಿತು. ಒರಿಯಾನೊ ಒಳ್ಳೆಯ ಮನುಷ್ಯ, ತಲೆ ಕೆರೆದುಕೊಂಡು "ಪರವಾಗಿಲ್ಲ, ಹೊರಡೋ ದಿನ ಹೇಳಿ, ಅಲ್ಲೀವರೆಗೂ ಬೊಲೊನ್ಯಾದವರನ್ನ ಕಾಯಿಸ್ತೀನಿ" ಎಂದು ಜಾಗ ಖಾಲಿ ಮಾಡಿದ.

ಆರ್ಜಿಯಾ ಚಾಚಿದ ಕೈಯಿಂದಲೇ ಕುರ್ಚಿಯ ಮರಳು ಕೊಡವಿದಳು. ಏನು ಅನ್ನುವುದು? ಮಕ್ಕಳು ಅವಳವು, ಅಪ್ಪ ಅವಳಪ್ಪ, ಸರೋವರವೂ ಅವಳ ಸೀಮೆಯದು. ಮರುದಿನ ಊಟ ಮುಗಿದು ಯೋನಾಸ್ ಬಾಯಿ ಒರೆಸಿಕೊಳ್ಳುತ್ತಿದ್ದ ಹಾಗೆಯೇ ಎವೆಲಿನ್ ಎದ್ದು ಎರಡು ಮಕ್ಕಳ ಕೈಯನ್ನೂ ಹಿಡಿದುಕೊಂಡಳು.

"ಬನ್ನಿ, ಇವತ್ತು ನನ್ನ ಜೊತೆ. ಏನೂ ಆಗಲ್ಲ ಅತ್ತೆ. ನಾನು ದಿನಾ ಐವತ್ತು ಮಕ್ಕಳನ್ನ ನೀರಿಗಿಳಿಸೋಳು. ನನ್ನ ಮಾತು ನಂಬಿ."

ಉಳಿದ ಮನೆಗಳ ಮಕ್ಕಳು ಇಸ್ಪೀಟು ಕೆಳಗಿಟ್ಟವು. ಅನ್ಸೆಲ್ಮೊ ಕನ್ನಡಕ ಸರಿಮಾಡಿಕೊಂಡ. ಯೋನಾಸ್ ಹೊಟ್ಟೆ ತುಂಬ ಲಸಾನ್ಯ ತುಂಬಿಕೊಂಡು ಅಲೆಯೊಳಗೆ ಬಿದ್ದ, ಎದ್ದ, ಮತ್ತೆ ಬಿದ್ದ. ಇರ್ಮಾ ಅಮ್ಮನ ಜೊತೆ ಕುತ್ತಿಗೆ ಮುಳುಗುವವರೆಗೆ ಹೋಗಿ ಬಂದಳು. ಏನೂ ಆಗಲಿಲ್ಲ. ಒಬ್ಬರೂ ಹೊಟ್ಟೆ ಹಿಡಿದುಕೊಳ್ಳಲಿಲ್ಲ, ಒಂದು ಬಿಕ್ಕಳಿಕೆ ಕೂಡ ಬರಲಿಲ್ಲ. ಪಕ್ಕದ ಕೊಡೆಯ ಹುಡುಗ ತನ್ನ ತಾಯಿಯ ಕಡೆ ತಿರುಗಿ, "ಅಮ್ಮಾ, ನಾನೂ?" ಎಂದ. ಆ ತಾಯಿ ಆರ್ಜಿಯಾಳ ಮುಖ ನೋಡಿದಳು, ಆಮೇಲೆ ಮುಖ ತಿರುಗಿಸಿ "ಹೋಗು" ಎಂದಳು. ಒಬ್ಬೊಬ್ಬರಾಗಿ ಎಲ್ಲರೂ ಎದ್ದುಹೋದರು.

ಆರ್ಜಿಯಾ ಹೆಚ್ಚಿಟ್ಟ ಪೀಚ್ ಹಣ್ಣಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಆಕೆಗೆ ಬೇಸರವಾಯಿತು. ಬೇಸರವೆಂದರೆ ಸಣ್ಣ ಮಾತಾಯಿತು. ಆದರೂ ಆಕೆ ಬೆನ್ನು ನೆಟ್ಟಗೆ ಮಾಡಿಕೊಂಡೇ ಕೂತಳು.

"ಒಂದು ಹೋಳು ಕೊಡಿ" ಎಂದ ಅನ್ಸೆಲ್ಮೊ. ಅವನಿಗೆ ಪೀಚ್ ಸೇರುವುದಿಲ್ಲ.

"ತಿನ್ನಿ. ತಿಂದು ನೀವೂ ಹೋಗಿ ನೀರಿಗೆ ಬಿದ್ಕೊಳ್ಳಿ."

"ನನ್ನ ಹೊಟ್ಟೆ ನೀರಿಗೆ ಬಿದ್ರೆ ಗತ್ತೆಯೊ ಊರೇ ಮುಳುಗುತ್ತೆ" ಎಂದ ಅವನು. ಆರ್ಜಿಯಾ ನಗಲಿಲ್ಲ, ಆದರೆ ಎರಡು ಹೋಳು ಕೊಟ್ಟಳು.

ಸ್ವಲ್ಪ ಹೊತ್ತಿಗೆಲ್ಲ ಇರ್ಮಾ ತೊಯ್ದ ಕೂದಲಲ್ಲಿ ನಡುಗುತ್ತ ಬಂದಳು. ಟವೆಲ್ ಸುತ್ತಿಕೊಂಡು ತನ್ನ ಮಾಮೂಲಿ ಜಾಗದಲ್ಲಿ ಕೂತಳು. ಒಂದು ಹೋಳು ಬಾಯಿಗೆ ಹಾಕಿಕೊಂಡು ಕೇಳಿದಳು.

"ಅಜ್ಜಿ, ಒಂಟೆ ಅಪ್ಪನ್ನ ಕೆಳಗಿಳಿಸ್ತಾ?"

"ಯಾವ ಒಂಟೆ?"

"ಅಜ್ಜೀ!"

"ಕಥೆ ಇರೋದು ಅರಗಿಸಿಕೊಳ್ಳೋರಿಗೆ ಕಣೆ. ಒದ್ದೆ ಆದೋರಿಗಿಲ್ಲ. ನೀನು ನೀರು ಆರಿಸ್ಕೊಂಡೆ, ನೀರಲ್ಲೇ ಇರು. ನನಗೇನೂ ಸಿಟ್ಟಿಲ್ಲ."

ಸಿಟ್ಟಿಲ್ಲ ಎಂದದ್ದು ಅಪ್ಪಟ ಸುಳ್ಳು. ಆದರೆ ಸಿಟ್ಟು ಹುಡುಗಿಯ ಮೇಲಲ್ಲ. ಇರ್ಮಾ ಬಹಳ ಹೊತ್ತು ಅಜ್ಜಿಯನ್ನು ನೋಡಿದಳು, ಸಮುದ್ರವನ್ನು ನೋಡಿದಳು. ಎದ್ದುಹೋಗಲಿಲ್ಲ, ಮತ್ತೆ ಕೇಳಲೂ ಇಲ್ಲ. ಇಬ್ಬರೂ ಹಠಮಾರಿಗಳು ಪಕ್ಕಪಕ್ಕದಲ್ಲಿ ಕೂತು ನೆರಳು ತೆವಳುವುದನ್ನು ನೋಡಿದರು.

ಮರುದಿನ ಊಟವಾದ ಮೇಲೆ ಎವೆಲಿನ್ ಕೈ ಚಾಚಿದಾಗ ಯೋನಾಸ್ ಜಿಗಿದು ಹೊರಟ. ಇರ್ಮಾ ಹೊರಡಲಿಲ್ಲ.

"ನಾನು ಅರಗಿಸಿಕೊಳ್ತೀನಿ" ಎಂದಳು ಗಂಭೀರವಾಗಿ.

"ಪುಟ್ಟಾ, ಅದು ಬೇಕಾಗಿಲ್ಲ ಅಂತ ನಿನ್ನೇನೇ ನೋಡಿದ್ಯಲ್ಲ?"

"ಗೊತ್ತಮ್ಮಾ. ಆದ್ರೂ ಅರಗಿಸಿಕೊಳ್ತೀನಿ."

ಎವೆಲಿನ್ ಮಗನ ಜೊತೆ ಹೋದಳು. ಆ ದಿನ ಆರ್ಜಿಯಾ ಮೊಮ್ಮಗಳೊಬ್ಬಳಿಗೇ ಒಂಟೆಯ ಕಥೆ ಹೇಳಿದಳು, ಮತ್ತು ಅಷ್ಟು ಚೆನ್ನಾಗಿ ಯಾವತ್ತೂ ಹೇಳಿರಲಿಲ್ಲ. ಅದರ ಮರುದಿನ ಪಕ್ಕದ ಕೊಡೆಯ ಹುಡುಗನೂ ಬಂದು ಕೂತ. ನೀರಿನಿಂದ ಬೇಗ ಎದ್ದುಬಂದ ಯೋನಾಸನನ್ನು ಇರ್ಮಾ ಕೊಡೆಯ ಕೆಳಗೆ ಸೇರಿಸಲಿಲ್ಲ. "ನೀನು ಒದ್ದೆ" ಎಂದು ಬಿಸಿಲಿಗೆ ಅಟ್ಟಿದಳು. ಅವನು ಅತ್ತ. ಆರ್ಜಿಯಾ ಅವನನ್ನು ಒರೆಸಿ ತೊಡೆಯ ಮೇಲೆ ಕೂರಿಸಿಕೊಂಡು, ನಾಲ್ಕು ವರ್ಷದವರಿಗೆ ಕಾನೂನಿನಲ್ಲಿ ರಿಯಾಯಿತಿ ಇದೆ ಎಂದು ತೀರ್ಪು ಕೊಟ್ಟಳು. ಇಷ್ಟೆಲ್ಲ ಸರಿಯಾದರೂ ಒರಿಯಾನೊನ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ. ಬೊಲೊನ್ಯಾದವರು ಆಗಾಗ ಬಂದು ಜಾಗದ ಅಂದಾಜು ನೋಡಿಕೊಂಡು ಹೋಗುತ್ತಿದ್ದರು.

ಹೊರಡುವ ಹಿಂದಿನ ಸಂಜೆ ಅತ್ತೆ ಸೊಸೆ ಅಡುಗೆಮನೆಯಲ್ಲಿ ಬೀನ್ಸ್ ಬಿಡಿಸುತ್ತಿದ್ದರು. ಮಕ್ಕಳು ಕೆಳಗೆ ಅಂಗಳದ ಉಯ್ಯಾಲೆಯಲ್ಲಿದ್ದವು. ಎವೆಲಿನ್ ಕೈ ನಿಲ್ಲಿಸಿ ಕೇಳಿದಳು.

"ಅತ್ತೆ, ಒಂದು ಮಾತು. ಊಟ ಮಾಡಿ ನೀರಿಗಿಳಿದ್ರೆ ಏನೂ ಆಗಲ್ಲ ಅಂತ ನಿಮಗೆ ನಿಜವಾಗ್ಲೂ ಗೊತ್ತಿಲ್ವಾ?"

"ಗೊತ್ತು."

ಎವೆಲಿನ್ ಇಂಥ ಉತ್ತರ ನಿರೀಕ್ಷಿಸಿರಲಿಲ್ಲ. "ಯಾವಾಗಿಂದ?"

"ನೀನು ತೊಟ್ಟಿಲಲ್ಲಿ ಇದ್ದಾಗಿಂದ."

"ಮತ್ಯಾಕೆ?"

ಆರ್ಜಿಯಾ ಬೀನ್ಸಿನ ಸಿಪ್ಪೆಯನ್ನು ಒಂದು ಕಡೆ ಒಟ್ಟುಮಾಡಿದಳು. "ನೋಡಮ್ಮ. ಬೆಳಿಗ್ಗೆ ಮಕ್ಕಳು ಸಮುದ್ರದ ಸೊತ್ತು. ಸಂಜೆ ಐಸ್‌ಕ್ರೀಮ್ದು, ಉಯ್ಯಾಲೇದು. ಆಮೇಲೆ ನಿದ್ದೇದು. ಇದರಲ್ಲಿ ನನ್ನ ಪಾಲು ಎಲ್ಲಿ? ಆ ನೆರಳು ಇಲ್ಲಿಂದ ಅಲ್ಲಿಗೆ ಹೋಗೋಷ್ಟು ಹೊತ್ತು ಮಾತ್ರ ಅವು ನನ್ನವು. ಓಡೋಕೆ ದಾರಿ ಇಲ್ಲದೆ ಕೂತಿರ್ತವೆ, ನನ್ನ ಮಾತು ಕೇಳ್ತವೆ."

"ಇದನ್ನ ಹೇಳಬಹುದಿತ್ತಲ್ಲ ಅತ್ತೆ."

"ಹೇಳಿದ್ರೆ ನೀನು ಏನು ಮಾಡ್ತಿದ್ದೆ? ಪಾಪ ಮುದುಕಿ ಅಂತ ಮಕ್ಕಳನ್ನ ನನ್ನ ಹತ್ರ ಕೂರಿಸ್ತಿದ್ದೆ. ನನಗೆ ಪಾಪ ಬೇಡ. ಕಾನೂನೇ ಒಳ್ಳೇದು."

ಎವೆಲಿನ್ ನಕ್ಕಳು. ಈ ಎರಡು ವಾರದಲ್ಲಿ ಆಕೆ ಬಾಯಿ ತುಂಬ ನಕ್ಕದ್ದು ಅದೇ ಮೊದಲು. "ಏನೂ ಆಗಲ್ಲ ಅಂತ ನಿಮಗೆ ಹೇಗೆ ಗೊತ್ತಾಯ್ತು? ಡಾಕ್ಟ್ರು ಹೇಳಿದ್ರಾ?"

"ಅದು ಕಥೇಲಿ ಬರುತ್ತೆ. ಲೋರಿಸ್ ಸಿಕ್ಕಿದ ದಿನದ್ದು. ಬೇಕಾದ್ರೆ ನಾಳೆ ಕೊಡೆ ಕೆಳಗೆ ಬಾ. ಆದ್ರೆ ಒದ್ದೆಯಾಗಿ ಬರಬೇಡ, ಅಲ್ಲಿ ಒಬ್ಬಳು ಬಲು ಜೋರಿನವಳು ಕಾವಲಿದಾಳೆ."

ಮರುದಿನ ಸಂಜೆಯ ರೈಲಿಗೆ ಹೊರಡಬೇಕಿತ್ತು. ಊಟಕ್ಕೆ ತಣ್ಣನೆಯ ಅನ್ನದ ಸಲಾಡ್, ಕೊನೆಯ ಕರಬೂಜ. ಎವೆಲಿನ್ ಈಜುಡುಗೆಯಲ್ಲೇ ಬಂದು, ಒಣಗಿದ ಮೈಯಲ್ಲಿ ಮರಳಿನ ಮೇಲೆ ಕೂತಳು. ನೆರಳು ಕಂಬ ಮುಟ್ಟಿದ ಮೇಲೆ ಮಕ್ಕಳ ಜೊತೆ ಕೊನೆಯ ಈಜು ಎಂದು ಮಾತಾಗಿತ್ತು. ಆರ್ಜಿಯಾ ಇಸ್ಪೀಟು ಬದಿಗಿಟ್ಟು ಶುರು ಮಾಡಿದಳು.

ಒಂಟೆಯಿಂದಿಳಿದ ಲೋರಿಸ್ ಈಗ ಮರಳಿ ಹೊರಟಿದ್ದ. ದಾರಿಯಲ್ಲಿ ಬ್ಯಾಂಡಿನವರು ಸಿಕ್ಕರು, ಅವರ ದೊಡ್ಡ ಡೋಲು ಹೊಡೆಯಲು ಅವನನ್ನು ನಿಲ್ಲಿಸಿಕೊಂಡರು. ಡೋಲಿನ ಚರ್ಮ ಹರಿಯಿತು. ಪರಿಹಾರವಾಗಿ ಅವನು ಹಾಡಬೇಕಾಯಿತು. ಹೀಗೆ ಕಥೆ ಸಾಗುತ್ತ ಸಾಗುತ್ತ ನೆರಳು ಅನ್ಸೆಲ್ಮೊನ ಕಂಬದಿಂದ ಒಂದು ಗೇಣು ದೂರಕ್ಕೆ ಬಂತು. ಹುಡುಗ ಇನ್ನೂ ಸಿಕ್ಕಿರಲಿಲ್ಲ. ಆರ್ಜಿಯಾ ಬಾಗಿ ಐಸ್ ಪೆಟ್ಟಿಗೆಯಿಂದ ನೀರಿನ ಬಾಟಲಿ ತೆಗೆಯಲು ತಿರುಗಿದಳು.

ಹಿಂದಿನಿಂದ ಕೀಲು ಕಿರ್ ಎಂದಿತು.

ಆರಾಮಕುರ್ಚಿಯ ಮೇಲೆ ತುದಿಗಾಲಲ್ಲಿ ನಿಂತಿದ್ದ ಇರ್ಮಾ ಥಟ್ಟನೆ ಇಳಿದು ಕೂತುಬಿಟ್ಟಳು. ಕೊಡೆ ಈಗ ಬಾಗಿದ್ದು ಸಮುದ್ರದ ಕಡೆಗಲ್ಲ, ಊರಿನ ಕಡೆಗೆ. ನೆರಳು ಅನ್ಸೆಲ್ಮೊನ ಕಂಬದಿಂದ ಇನ್ನೂ ಒಂದು ಮೊಳ ಹಿಂದಕ್ಕೆ ಸರಿದಿತ್ತು.

"ಆರ್ಜಿಯಾ, ನಿಮ್ಮ ಸೂರ್ಯ ರಿವರ್ಸ್ ಹೊಡೀತಿದಾನೆ" ಎಂದ ಅನ್ಸೆಲ್ಮೊ.

ಬಾಟಲಿ ಕೈಯಲ್ಲಿ ಹಿಡಿದು ಆರ್ಜಿಯಾ ಮೊಮ್ಮಗಳನ್ನೇ ನೋಡಿದಳು. ಇರ್ಮಾ ಆಕಾಶ ನೋಡುತ್ತಿದ್ದಳು, ತನಗೂ ಕೊಡೆಗೂ ಸಂಬಂಧವೇ ಇಲ್ಲವೆಂಬಂತೆ. ಎವೆಲಿನ್ ಎಲ್ಲವನ್ನೂ ನೋಡಿದ್ದಳು. ಈಜಿಗೆಂದು ಅರ್ಧ ಎದ್ದವಳು ಹಾಗೇ ನಿಂತಿದ್ದಳು.

"ಇನ್ನೂ ಮುಟ್ಟಿಲ್ಲಮ್ಮಾ" ಎಂದಳು ಇರ್ಮಾ, ಆಕಾಶದ ಮೇಲಿನ ಕಣ್ಣು ತೆಗೆಯದೆ.

"ಹೌದು, ಇನ್ನೂ ಬಹಳ ಹೊತ್ತಿದೆ" ಎಂದಳು ಎವೆಲಿನ್. ಮತ್ತೆ ಕೂತಳು. "ಹೇಳಿ ಅತ್ತೆ, ಆಮೇಲೆ?"

ಆರ್ಜಿಯಾ ನೀರು ಕುಡಿದು, ಆವತ್ತಿನವರೆಗೆ ಯಾರಿಗೂ ಹೇಳದಿದ್ದ ಭಾಗವನ್ನು ಹೇಳಿದಳು. ಅದರಲ್ಲಿ ಒಂಟೆ ಇರಲಿಲ್ಲ, ಡೋಲೂ ಇರಲಿಲ್ಲ. ಹುಡುಗ ಕಾಣುತ್ತಿಲ್ಲ ಎಂದಾಗ ಅವನ ತಾಯಿ ಅವನು ನೀರಿನಲ್ಲೇ ಇದ್ದಾನೆ ಎಂದುಕೊಂಡಳು. ಅವಳಿಗೆ ಈಜು ಬಾರದು. ಮೊಣಕಾಲಿನಾಚೆ ಎಂದೂ ಹೋದವಳಲ್ಲ. ಆಗಷ್ಟೇ ಎರಡು ತಟ್ಟೆ ಲಸಾನ್ಯ ತಿಂದಿದ್ದಳು. ಬಟ್ಟೆಯುಟ್ಟೇ ನೀರಿಗೆ ನುಗ್ಗಿದಳು, ಸೊಂಟದವರೆಗೆ, ಎದೆಯವರೆಗೆ, ಕುತ್ತಿಗೆಯವರೆಗೆ, ಕೂಗುತ್ತ, ಕೈಯಿಂದ ನೀರು ತಡಕಾಡುತ್ತ. ಆಗ ಹಿಂದಿನಿಂದ, ಒಣ ಮರಳಿನ ಮೇಲಿಂದ, ಒಂದು ಸಣ್ಣ ದನಿ ಕೇಳಿತು.

"ಏನಂತು?" ಎಂದ ಯೋನಾಸ್.

"'ಅಮ್ಮಾ, ಊಟ ಆದ ತಕ್ಷಣ ನೀರಿಗಿಳಿದ್ಯಾ?' ಅಂತು."

ಅನ್ಸೆಲ್ಮೊ ಕುರ್ಚಿಯಿಂದ ಬೀಳುವಂತೆ ನಕ್ಕ. ಮಕ್ಕಳು ಕಿರುಚಿದವು. ಪಕ್ಕದ ಕೊಡೆಯ ತಾಯಿಯೂ ನಕ್ಕಳು. ಎವೆಲಿನ್ ನಗುತ್ತಲೇ ಕಣ್ಣೊರೆಸಿಕೊಂಡಳು. ಲೋರಿಸ್ ಇದನ್ನು ಆಕೆಗೆ ಹೇಳಿರಲಿಲ್ಲ, ಬಹುಶಃ ಅವನಿಗೇ ನೆನಪಿಲ್ಲ.

"ಹೊಟ್ಟೆನೋವು ಬಂತಾ ಅಜ್ಜಿ?" ಇರ್ಮಾ ಕೇಳಿದಳು.

"ಹೊಟ್ಟೆಗೆ ಏನೂ ಆಗಲಿಲ್ಲ ಕಣೆ ಪುಟ್ಟಿ" ಎಂದಳು ಆರ್ಜಿಯಾ.

ಕಥೆ ಮುಗಿದಿತ್ತು. ಆದರೂ ಯಾರೂ ಏಳಲಿಲ್ಲ. ಕೊಡೆಯನ್ನು ನೆಟ್ಟಗೆ ಮಾಡಲು ಯಾರೂ ಕೈ ಎತ್ತಲಿಲ್ಲ. ಅಷ್ಟರಲ್ಲಿ ಒರಿಯಾನೊ ಮರಳಿನ ಮೇಲೆ ಚಪ್ಪಲಿ ಎಳೆಯುತ್ತ ಬಂದ. ಹಿಂದೆ ಸ್ವಲ್ಪ ದೂರದಲ್ಲಿ ಬೊಲೊನ್ಯಾದ ಯಜಮಾನ ಸುಮ್ಮನೆ ಅಡ್ಡಾಡುವವನಂತೆ ನಿಂತಿದ್ದ.

"ಏನು ಮಾಡಿದ್ರಿ ಆರ್ಜಿಯಾ? ಮುಂದಿನ ವರ್ಷ ಇದೇ ಜಾಗವಾ?"

ಜೀವಮಾನದಲ್ಲಿ ಉತ್ತರಕ್ಕೆ ತಡವರಿಸದ ಹೆಂಗಸು ಕೈಯನ್ನು ತೊಡೆಯ ಮೇಲೇ ಇಟ್ಟುಕೊಂಡು ಸಮುದ್ರದ ಕಡೆ ನೋಡಿದಳು. ಕೇಳಿಕೊಳ್ಳುವುದು ಆಕೆಗೆ ಬಾರದ ವಿದ್ಯೆ.

ಎವೆಲಿನ್ ಎದ್ದು ಮರಳು ಕೊಡವಿಕೊಂಡು ತಾನೇ ಒರಿಯಾನೊನಿಗೆ ಕೈ ಕೊಟ್ಟಳು.

"ಇದೇ ಜಾಗ. ನಾಲ್ಕೂ ಜನ ಬರ್ತೀವಿ. ಮರದ ಮನೆಗೆ ಜೂನ್‌ನಲ್ಲಿ ಹೋದ್ರಾಯ್ತು."

"ಒಳ್ಳೇದಾಯ್ತು" ಎಂದ ಒರಿಯಾನೊ, ಕೈ ಕುಲುಕಿ. ತಲೆಯೆತ್ತಿ ನೋಡಿದವನು ಹುಬ್ಬು ಗಂಟಿಕ್ಕಿದ. "ಇದೇನ್ರೀ, ಈ ಕೊಡೆ ಹೀಗೆ ವಾಲಿದೆ? ಕೀಲು ಸಡಿಲ ಆಗಿದೆ. ಚಳಿಗಾಲದಲ್ಲಿ ಬಿಗಿ ಮಾಡಿಸಿಡ್ತೀನಿ."

"ಬೇಡ" ಎಂದರು ಅತ್ತೆ, ಸೊಸೆ, ಮೊಮ್ಮಗಳು, ಮೂವರೂ ಒಟ್ಟಿಗೆ.